ಕಾಗದಕ್ಕೆ ಕಲ್ಲುಪುಡಿ ಸೇರಲಿ, ನಮ್ಮ ನೆಲದ ನೀರು ಸೇರುವುದು ಬೇಡ

ಮಕ್ಕಳ ನೋಟ್‌ಬುಕ್ಕಿನ ಹಾಳೆಯಲ್ಲಿ ಕಲ್ಲುಪುಡಿ ಇದೆ ಅಂದರೆ ಮೊದಲು ಬರುವ ಮಾತು ‘ಮೋಸ’. ಹಾಲಿಗೆ ನೀರಾಯಿತು, ಖಾರದ ಪುಡಿಗೆ ಇಟ್ಟಿಗೆ ಪುಡಿಯಾಯಿತು, ಈಗ ಕಾಗದಕ್ಕೂ ಕಲ್ಲೇ ಅಂತ ಕೇಳುತ್ತೀರಿ.

ಇದೆ. ಬರೆಯುವ, ಮುದ್ರಿಸುವ ಕಾಗದದ ತೂಕದಲ್ಲಿ ಸಾಮಾನ್ಯವಾಗಿ ಶೇ. 10ರಿಂದ 25ರಷ್ಟು ಸುಣ್ಣದ ಕಲ್ಲಿನ ಪುಡಿಯೋ, ಬಳಪದ ಕಲ್ಲಿನ ಪುಡಿಯೋ, ಬಿಳಿ ಜೇಡಿಮಣ್ಣೋ ಇರುತ್ತದೆ. ನಂಬಿಕೆ ಬರದಿದ್ದರೆ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಪೂರ್ತಿ ಸುಡಿ. ನಾರು ಹೊಗೆಯಾಗಿ ಹೋಗುತ್ತದೆ. ಉಳಿಯುವ ಬೂದಿಯಲ್ಲಿ ಹೆಚ್ಚಿನ ಪಾಲು ಆ ಕಲ್ಲು. ಕಾಗದ ಗಿರಣಿಯ ಪ್ರಯೋಗಾಲಯದಲ್ಲೂ ಹೀಗೇ ಸುಟ್ಟು, ಬೂದಿ ತೂಗಿ ಲೆಕ್ಕ ಹಾಕುತ್ತಾರೆ.

ಇದರಲ್ಲಿ ಮೋಸ ಏನೂ ಇಲ್ಲ. ಇನ್ನೂ ಮುಂದೆ ಹೋಗಿ ಹೇಳುತ್ತೇವೆ: ಕಾಗದದಲ್ಲಿ ಕಲ್ಲುಪುಡಿ ಈಗಿನದಕ್ಕಿಂತ ಹೆಚ್ಚಾಗಲಿ ಎಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರೈತರೇ ಗಟ್ಟಿಯಾಗಿ ಕೇಳಬೇಕು. ಯಾಕೆಂದರೆ ಕಲ್ಲು ಕಡಿಮೆಯಾದಷ್ಟೂ ನಾರು ಹೆಚ್ಚು ಬೇಕು. ಆ ನಾರು ಯಾವ ಮಣ್ಣಿನಿಂದ, ಯಾರ ನೀರಿನಿಂದ ಬರುತ್ತದೆ ಅನ್ನುವುದು ನಮ್ಮ ಬೋರ್‌ವೆಲ್ಲಿನ ಪ್ರಶ್ನೆ.

ಹೊಸಕೋಟೆಯಲ್ಲಿ ಅಳೆದ ನೀರು

ಕಾಗದದ ನಾರು ಬರುವುದು ಮರದಿಂದ, ಹಳೆಯ ಕಾಗದದಿಂದ, ಸ್ವಲ್ಪ ಮಟ್ಟಿಗೆ ಬೆಳೆಯ ಉಳಿಕೆಯಿಂದ. ಮರ ಅಂದರೆ ನಮ್ಮ ಕಡೆ ನೀಲಗಿರಿ.

1970ರ ದಶಕದ ಕೊನೆಯಿಂದ ಕೋಲಾರ ಮತ್ತು ಬೆಂಗಳೂರು ಜಿಲ್ಲೆಗಳ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸರ್ಕಾರವೇ ಸಸಿ ಹಂಚಿತು. 1980ರ ದಶಕದಲ್ಲಿ ಅದಕ್ಕೆ ವಿಶ್ವಬ್ಯಾಂಕಿನ ಸಾಲವೂ ಸಿಕ್ಕಿತು. ನೆಟ್ಟು ಬಿಟ್ಟರೆ ಸಾಕು: ದನ ಬಾಯಿ ಹಾಕುವುದಿಲ್ಲ, ಕಾವಲು ಬೇಡ, ಕಳೆ ಕೀಳಬೇಕಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಊರು ಬಿಟ್ಟು ಬೆಂಗಳೂರು ಸೇರಿದ ಜಮೀನಿನ ಯಜಮಾನರಿಗೆ ಇದಕ್ಕಿಂತ ಅನುಕೂಲದ ಬೆಳೆ ಯಾವುದಿದೆ? ಮಳೆ ಕೈಕೊಟ್ಟು, ಆಳು ಸಿಗದೆ ಸೋತ ಸಣ್ಣ ರೈತನೂ ಅದನ್ನೇ ಹಿಡಿದ. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆದರೆ ರಾಗಿಯ ಜೊತೆ ಏನೇನು ಹೋಯಿತು ಅನ್ನುವ ಲೆಕ್ಕ ಬರೆದಿಡಬೇಕು. ಕಳೆ, ಕೊಯ್ಲು, ಒಕ್ಕಣೆಯ ಕೂಲಿ ಹೋಯಿತು. ದನಕ್ಕೆ ಹುಲ್ಲು ಹೋಯಿತು. ಮನೆಯ ಮುದ್ದೆ ಅಂಗಡಿ ಹಿಟ್ಟಾಯಿತು.

ನೀರಿನ ಲೆಕ್ಕವನ್ನು ವಿಜ್ಞಾನಿಗಳೇ ಬರೆದಿಟ್ಟಿದ್ದಾರೆ. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಅವರ ತಂಡ, ಕರ್ನಾಟಕದವರನ್ನೂ ಜೊತೆ ಸೇರಿಸಿಕೊಂಡು, ರಾಜ್ಯದ ಕೆಲವು ಕಡೆ ನೀಲಗಿರಿ, ಕಾಡು ಮತ್ತು ರಾಗಿ ಎಷ್ಟೆಷ್ಟು ನೀರು ಬಳಸುತ್ತವೆ ಎಂದು ಅಳೆಯಿತು. ಅದರಲ್ಲಿ ಒಂದು ಜಾಗ ನಮ್ಮ ಹೊಸಕೋಟೆ. 1997ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಅಲ್ಲಿ ಮೂರು ವರ್ಷದಲ್ಲಿ ಬಿದ್ದ ಮಳೆ 2,100 ಮಿಲಿಮೀಟರ್. ನೀಲಗಿರಿ ಬಳಸಿದ ನೀರು 3,400 ಮಿಲಿಮೀಟರ್.

ಬಿದ್ದದ್ದಕ್ಕಿಂತ 1,300 ಮಿಲಿಮೀಟರ್ ಹೆಚ್ಚು. ಒಂದು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 52 ಲಕ್ಷ ಲೀಟರ್. 5,000 ಲೀಟರ್ ಹಿಡಿಯುವ ಟ್ಯಾಂಕರ್ ಲೆಕ್ಕದಲ್ಲಿ ಎಕರೆಗೆ ಸಾವಿರಕ್ಕೂ ಹೆಚ್ಚು ಟ್ಯಾಂಕರ್. ಇದು ಬೋರ್‌ವೆಲ್ಲಿಗೆ ಪೈಪ್ ಇಟ್ಟು ಎಳೆದ ನೀರಲ್ಲ, ಆಳದ ಕೆಂಪು ಮಣ್ಣು ವರ್ಷಗಟ್ಟಲೆ ಕೂಡಿಟ್ಟಿದ್ದ ತೇವ. ಬೇರು ಕೆಳಗಿಳಿದು ಅದನ್ನು ಖಾಲಿ ಮಾಡಿತು. ಹಾಗೆ ಒಣಗಿದ ಮಣ್ಣಿನ ಮೇಲೆ ಮಳೆ ಬಿದ್ದರೆ ಮೊದಲು ಆ ಮಣ್ಣಿನ ದಾಹ ತೀರಬೇಕು. ಬೋರ್‌ವೆಲ್ಲಿನ ತನಕ ಇಳಿಯುವ ಸರದಿ ಆಮೇಲಿನದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಶಿವಮೊಗ್ಗ ಕಡೆಯ ತಾಣಗಳಲ್ಲಿ, ಮಣ್ಣಿನ ಆಳ ಕಡಿಮೆ ಇದ್ದಲ್ಲಿ, ನೀಲಗಿರಿ ಮಳೆಗಿಂತ ಹೆಚ್ಚು ಬಳಸಲಿಲ್ಲ, ಅಲ್ಲಿನ ಕಾಡಿನಷ್ಟೇ ಬಳಸಿತು ಎಂದು ಅದೇ ತಂಡ ಹೇಳಿದೆ. ಅಂದರೆ ಎಲ್ಲ ಊರಿಗೂ ಒಂದೇ ತೀರ್ಪು ಇಲ್ಲ. ಆದರೆ ನಮ್ಮ ಊರಿನ ತೀರ್ಪು ನಮ್ಮ ಊರಿನ ಮಣ್ಣಿನಲ್ಲೇ ಬಂದಿದೆ. ರಾಗಿ ಬಳಸಿದ್ದು ಮರ ಬಳಸಿದ್ದರ ಅರ್ಧದಷ್ಟು.

ಇವತ್ತು ನಮ್ಮ ನಾಲ್ಕೂ ತಾಲ್ಲೂಕು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಸಾವಿರ ಅಡಿ ಕೊರೆದರೂ ದೂಳೇ ಹಾರುವ ಊರುಗಳು ಎಷ್ಟೋ. ದೇವನಹಳ್ಳಿ ಕಡೆಯ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ತುಂಬಿಸುವ ಕಾಲ ಬಂದಿದೆ. ಇದಕ್ಕೆಲ್ಲ ನೀಲಗಿರಿ ಒಂದೇ ಕಾರಣ ಅನ್ನುವುದು ಸುಳ್ಳು. ಕೆರೆ ಒತ್ತುವರಿ ಇದೆ, ಮಿತಿಯಿಲ್ಲದ ಬೋರ್‌ವೆಲ್ ಇದೆ, ಲೇಔಟ್ ಇದೆ. ಆದರೆ ನೀಲಗಿರಿಯ ಪಾಲು ಇಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಸುಳ್ಳು.

ಮಣ್ಣಿನ ಗೋಡೆ, ಮಗ್ಗದ ಗಂಜಿ

ಈಗ ಕಾಗದದ ಒಳಗೆ ಹೋಗೋಣ. ಇಲ್ಲಿ ನಡೆದಿರುವ ಹೊಸ ಕೆಲಸ ಗೊತ್ತಾದರೆ ಮಾತ್ರ ನಾವು ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ.

ಹಳೆಯ ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಹಾಕಿ ತುಳಿಯುತ್ತಿದ್ದರು. ಹುಲ್ಲು ಹಿಡಿತ ಕೊಡುತ್ತದೆ, ಮಣ್ಣು ಮೈ ತುಂಬುತ್ತದೆ. ಬರಿ ಹುಲ್ಲಿನಿಂದ ಗೋಡೆ ಆಗದು, ಬರಿ ಮಣ್ಣಿನದು ಬಿರುಕು ಬಿಡುತ್ತದೆ. ಕಾಗದದಲ್ಲೂ ನಾರು ಹಿಡಿತ, ಕಲ್ಲುಪುಡಿ ಮೈ. ಪುಡಿ ಸೇರಿದರೆ ಹಾಳೆ ಬೆಳ್ಳಗೆ, ನುಣ್ಣಗೆ ಆಗುತ್ತದೆ, ಒಂದು ಮಗ್ಗುಲಿನ ಅಕ್ಷರ ಇನ್ನೊಂದು ಮಗ್ಗುಲಿಗೆ ಕಾಣುವುದಿಲ್ಲ.

ಸುಣ್ಣದ ಕಲ್ಲಿನ ಪುಡಿಗೆ ಇನ್ನೊಂದು ಗುಣ ಇದೆ, ಅದು ಆಮ್ಲವನ್ನು ತಣ್ಣಗಾಗಿಸುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕಡತ ಮುಟ್ಟಿದರೆ ಹಪ್ಪಳದಂತೆ ಮುರಿಯುವುದನ್ನು ಜಮೀನಿನ ದಾಖಲೆಗೆ ಅಲೆದವರೆಲ್ಲ ನೋಡಿದ್ದೀರಿ. ಹಿಂದೆ ಕಾಗದಕ್ಕೆ ಪಟಿಕ ಹಾಕುತ್ತಿದ್ದರು, ಅದರ ಆಮ್ಲ ಹಾಳೆಯೊಳಗೇ ಉಳಿದು ನಾರನ್ನು ತಿನ್ನುತ್ತಿತ್ತು. ಸುಣ್ಣದ ಪುಡಿ ಸೇರಿಸಿ ಮಾಡುವ ಈಗಿನ ಕಾಗದ ಹಾಗೆ ಬೇಗ ಹಳದಿಯಾಗುವುದಿಲ್ಲ.

ಹಾಗಾದರೆ ಅರ್ಧಕ್ಕರ್ಧ ಕಲ್ಲೇ ತುಂಬಬಾರದೇ? ಆಗದು. ನಾರಿಗೆ ನಾರು ಅಂಟಿಕೊಂಡಾಗಲೇ ಕಾಗದಕ್ಕೆ ಬಲ. ನಡುವೆ ಕಲ್ಲಿನ ಕಣ ಕೂತರೆ ಆ ಅಂಟು ಬಿಡುತ್ತದೆ. ಹಾಳೆ ಬೇಗ ಹರಿಯುತ್ತದೆ, ಮುದ್ರಿಸುವಾಗ ಪುಡಿ ಉದುರುತ್ತದೆ. ಇಷ್ಟು ದಿನ ಗಿರಣಿಗಳ ಕೈ ಕಟ್ಟಿದ್ದು ಇದೇ.

ಇಲ್ಲಿಗೆ ಬಂದದ್ದು ನ್ಯಾನೊಸೆಲ್ಯುಲೋಸ್. ಹೆಸರು ಕೇಳಿ ಹೆದರಬೇಡಿ. ಹತ್ತಿ, ಹುಲ್ಲು, ಮರ, ಬಾಳೆದಿಂಡು ಎಲ್ಲದರ ನಾರಿನ ಮೂಲವಸ್ತು ಸೆಲ್ಯುಲೋಸ್. ಮರದ ಒಂದು ನಾರು ಹಗ್ಗ ಇದ್ದಂತೆ: ಹಗ್ಗ ಬಿಚ್ಚಿದರೆ ಹುರಿ, ಹುರಿ ಬಿಚ್ಚಿದರೆ ಎಳೆ, ಎಳೆಯೊಳಗೆ ಇನ್ನೂ ಸಣ್ಣ ಎಳೆ. ಹೀಗೆ ಬಿಚ್ಚುತ್ತಾ ಹೋಗಿ ಕೊನೆಗೆ ಸಿಗುವ ಎಳೆಯ ದಪ್ಪವನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ಒಂದು ನ್ಯಾನೊಮೀಟರ್ ಅಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು.

ಇದು ಶುರುವಾದದ್ದು ಡೇರಿ ಯಂತ್ರದಿಂದ. 1970ರ ದಶಕದ ಕೊನೆಗೆ ಅಮೆರಿಕದ ಐಟಿಟಿ ರೇಯೋನಿಯರ್ ಕಂಪನಿಯ ಪ್ರಯೋಗಾಲಯದಲ್ಲಿ, ಹಾಲಿನ ಕೊಬ್ಬನ್ನು ಒಡೆದು ಕೆನೆ ಕಟ್ಟದಂತೆ ಮಾಡುವ ಹೋಮೊಜಿನೈಸರ್ ಯಂತ್ರಕ್ಕೆ ಮರದ ತಿರುಳು ಹಾಕಿ ಒತ್ತಡದಲ್ಲಿ ತಳ್ಳಿದರು. ಈಚೆ ಬಂದದ್ದು ಗಟ್ಟಿ ಗಂಜಿಯಂಥ ಲೋಳೆ. ಆಮೇಲೆ ಜಪಾನಿನ ಅಕಿರಾ ಇಸೊಗೈ ಮತ್ತು ಜೊತೆಗಾರರು ನಾರನ್ನು ಮೊದಲು ರಾಸಾಯನಿಕದಿಂದ ಸಡಿಲಿಸಿದರೆ ಬಹಳ ಕಡಿಮೆ ಶಕ್ತಿಯಲ್ಲಿ ಎಳೆ ಬಿಡಿಸಬಹುದು ಎಂದು ತೋರಿಸಿದರು. ಅದಕ್ಕೆ 2015ರಲ್ಲಿ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂತು.

ಈ ಲೋಳೆ ಕಾಗದದಲ್ಲಿ ಏನು ಮಾಡುತ್ತದೆ ಅನ್ನುವುದು ದೊಡ್ಡಬಳ್ಳಾಪುರದ ನೇಕಾರರಿಗೆ ಹೇಳಿಕೊಡಬೇಕಿಲ್ಲ. ಹಾಸಿನ ನೂಲಿಗೆ ಗಂಜಿ ಹಾಕಿದರೆ ಎದ್ದ ಎಳೆಗಳು ಕೂತು ನೂಲು ಗಟ್ಟಿಯಾಗುತ್ತದೆ, ಮಗ್ಗದಲ್ಲಿ ಹರಿಯುವುದಿಲ್ಲ. ನ್ಯಾನೊಸೆಲ್ಯುಲೋಸಿನ ಸಣ್ಣ ಎಳೆಗಳು ನಾರು ಮತ್ತು ಕಲ್ಲಿನ ಕಣಗಳ ಸಂದಿಯಲ್ಲಿ ಬಲೆಯಂತೆ ಹರಡಿ ಎರಡನ್ನೂ ಹಿಡಿದುಕೊಳ್ಳುತ್ತವೆ. ಕಾಗದದ ತೂಕದ ಶೇ. 1ರಿಂದ 5ರಷ್ಟು ಇದನ್ನು ಸೇರಿಸಿದರೆ, ಬಲ ಹೆಚ್ಚು ಕೆಡದಂತೆ ಕಲ್ಲುಪುಡಿಯ ಪಾಲನ್ನು ಏರಿಸಬಹುದು. ಇಂಗ್ಲೆಂಡಿನ ಫೈಬರ್‌ಲೀನ್ ಕಂಪನಿ ಕಲ್ಲುಪುಡಿ ಮತ್ತು ತಿರುಳು ಎರಡನ್ನೂ ಒಟ್ಟಿಗೆ ಅರೆದು ಈ ಮಿಶ್ರಣ ಮಾಡುವ ವಿಧಾನವನ್ನು ಗಿರಣಿಗಳ ಬಳಕೆಗೆ ತಂದಿದೆ. ಇದು ಪುಸ್ತಕದ ಬದನೆಕಾಯಿ ಅಲ್ಲ.

ಲೆಕ್ಕ ಹಾಕಿ ನೋಡಿ

ಒಂದು ಟನ್ ಕಾಗದದಲ್ಲಿ ಕಲ್ಲುಪುಡಿ ಶೇ. 20 ಇದ್ದದ್ದು ಶೇ. 30 ಆಯಿತು ಅಂತಿಟ್ಟುಕೊಳ್ಳಿ. ನಾರಿನಲ್ಲಿ 100 ಕೆ.ಜಿ. ಉಳಿಯಿತು. ಬಿಳಿ ಕಾಗದಕ್ಕೆ ಮರ ಬೇಯಿಸುವಾಗ ಒಣ ಮರದ ತೂಕದ ಅರ್ಧದಷ್ಟೂ ತಿರುಳು ಸಿಗುವುದಿಲ್ಲ. ಹಾಗಾಗಿ 100 ಕೆ.ಜಿ. ನಾರು ಉಳಿದರೆ 200 ಕೆ.ಜಿ.ಗಿಂತ ಹೆಚ್ಚು ಒಣ ಮರ ಉಳಿದಂತೆ. ವರ್ಷಕ್ಕೆ ಒಂದು ಲಕ್ಷ ಟನ್ ಕಾಗದ ಮಾಡುವ ಗಿರಣಿಯಲ್ಲಿ ಇದು 20,000 ಟನ್ ದಾಟುತ್ತದೆ. ಹತ್ತು ಟನ್ನಿನ ಲಾರಿ ಲೆಕ್ಕದಲ್ಲಿ ಎರಡು ಸಾವಿರ ಲಾರಿ.

ಇದಕ್ಕೆ ಬೆಲೆಯೂ ಇದೆ. ಎಳೆ ಬಿಡಿಸಲು ಕರೆಂಟು ಬೇಕು. ಲೋಳೆ ನೀರನ್ನು ಹಿಡಿದುಕೊಳ್ಳುವುದರಿಂದ ಯಂತ್ರದ ಮೇಲೆ ಹಾಳೆ ನಿಧಾನವಾಗಿ ಒಣಗುತ್ತದೆ. ಕಲ್ಲು ಹೆಚ್ಚಾದರೆ ಹಾಳೆ ಮೆತ್ತಗೆ ಬಾಗುತ್ತದೆ. ಕಲ್ಲೂ ಯಾರದೋ ಊರಿನ ಗಣಿಯಿಂದಲೇ ಬರಬೇಕು. ಅಂದ ಹಾಗೆ ನಮ್ಮ ಜಿಲ್ಲೆಯ ಕ್ರಷರ್ ದೂಳು ಇದಕ್ಕೆ ಆಗದು, ಗ್ರಾನೈಟ್ ಗಡುಸು, ಕಾಗದ ಯಂತ್ರದ ಜಾಲರಿಯನ್ನೇ ಸವೆಸುತ್ತದೆ. ಆ ಹೆಸರಿನಲ್ಲಿ ಯಾರಾದರೂ ಹೊಸ ಕ್ವಾರಿಗೆ ಒಪ್ಪಿಗೆ ಕೇಳಿಕೊಂಡು ಬಂದರೆ ನಂಬಬೇಡಿ.

ಇಷ್ಟೆಲ್ಲ ಕಳೆದರೂ ಲೆಕ್ಕ ನಮ್ಮ ಕಡೆಗೇ ವಾಲುತ್ತದೆ. ಆದರೆ ಒಂದು ಷರತ್ತಿದೆ. ನಮ್ಮ ಜಗಳ ಇರುವುದೇ ಆ ಷರತ್ತಿನಲ್ಲಿ.

ಮಿಗುವ ನಾರು ಯಾರ ಪಾಲು?

ಗಿರಣಿಯಲ್ಲಿ 20,000 ಟನ್ ಮರ ಉಳಿದರೆ ಹೊಸಕೋಟೆಯ ಹೊಲದಲ್ಲಿ 20,000 ಟನ್ ನೀಲಗಿರಿ ತಾನಾಗಿ ಕಡಿಮೆಯಾಗುವುದಿಲ್ಲ. ಉಳಿದ ಮರದಿಂದ ಇನ್ನಷ್ಟು ಕಾಗದ ಮಾಡಿ ಮಾರಬಹುದು. ಉಳಿದ ದುಡ್ಡನ್ನು ಲಾಭಕ್ಕೆ ಸೇರಿಸಬಹುದು. ಮರದ ಬೇಡಿಕೆ ಕುಗ್ಗಿತು ಎಂದು ರೈತನಿಗೆ ಕೊಡುವ ದರವನ್ನು ಇಳಿಸಬಹುದು. ಇನ್ನೂ ಒಂದಿದೆ: ನ್ಯಾನೊಸೆಲ್ಯುಲೋಸ್ ಮಾಡಲು ಪ್ರಪಂಚದ ಹಲವು ಕಡೆ ಬಳಸುವುದು ನೀಲಗಿರಿ ತಿರುಳನ್ನೇ. ನಾಳೆ ‘ನ್ಯಾನೊ’ ಹೆಸರಿನಲ್ಲೇ ನೀಲಗಿರಿ ನೆಡಿ ಎಂದು ಬಂದರೆ ಆಶ್ಚರ್ಯವಿಲ್ಲ.

ಅನುಮಾನ ಪಡಲು ಕರ್ನಾಟಕದಲ್ಲಿ ಕಾರಣ ಬೇಕಾದಷ್ಟಿವೆ.

ಉತ್ತರ ಕನ್ನಡದ ಬಿದಿರಿನ ಕಥೆ ನೋಡಿ. ಕಾಗದ ಗಿರಣಿಗೆ ಬಿದಿರು ಹೋಗಿ ನಮಗೆ ಸಿಗುತ್ತಿಲ್ಲ ಎಂದು 1970ರ ದಶಕದಲ್ಲಿ ಮೇದರರು ದನಿ ಎತ್ತಿದರು. ಅದನ್ನು ಅಧ್ಯಯನ ಮಾಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್. ಗಿರಣಿಗೆ ಟನ್ ಬಿದಿರು ಒಂದೂವರೆ ರೂಪಾಯಿಗೆ ಸಿಕ್ಕಿತ್ತು, ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡಬೇಕಿತ್ತು ಎಂದು ಅವರು ಬರೆದಿದ್ದಾರೆ.

ಆಮೇಲೆ 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜೊತೆಯಾಗಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮಾಡಿದವು. ಹರಿಹರದ್ದು ಕಾಗದವಲ್ಲ, ರೇಯಾನ್ ಬಟ್ಟೆಗೆ ಬೇಕಾದ ತಿರುಳು. ಮರ ಮಾತ್ರ ಅದೇ ನೀಲಗಿರಿ. ಊರವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಇದಕ್ಕೆ ಕೊಡಲು ಹೊರಟಿದ್ದರು. ಸಮಾಜ ಪರಿವರ್ತನ ಸಮುದಾಯ ಬೀದಿಗಿಳಿಯಿತು. ಡಾ. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂದು ಹೆಸರಾದ ಸತ್ಯಾಗ್ರಹ ಅದು. 1991ರಲ್ಲಿ ಕಂಪನಿ ಮುಚ್ಚಿತು.

ಭದ್ರಾವತಿಯ ಎಂಪಿಎಂ ಕಥೆ ಇನ್ನೂ ವಿಚಿತ್ರ. 1936ರಲ್ಲಿ ಹುಟ್ಟಿದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಕಳೆದಿದ್ದವು. ಆದರೂ 2020ರಲ್ಲಿ ಅದರ ನೆಡುತೋಪಿನ ಭೂಮಿಯ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿದರು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನವರು ಹೋರಾಡಬೇಕಾಯಿತು. ಗಿರಣಿ ನಿಂತರೂ ಮರ ನಿಲ್ಲುವುದಿಲ್ಲ, ನೋಡಿ.

ಆದ್ದರಿಂದ ವಿಜ್ಞಾನ ಮುಂದುವರಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಉಳಿತಾಯ ಯಾರ ಜೇಬಿಗೆ, ಯಾರ ಕೆರೆಗೆ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ನಾರು ನಮ್ಮ ಕಣ್ಣೆದುರೇ ಇದೆ

ನೀಲಗಿರಿ ಬೇಡ ಅಂದರೆ ನಾರಿಗೆ ಎಲ್ಲಿಗೆ ಹೋಗಬೇಕು? ಹೊಸಕೋಟೆ, ನೆಲಮಂಗಲದ ಗೋದಾಮುಗಳ ಹಿಂಬಾಗಿಲಿಗೆ ಹೋಗಿ ನಿಲ್ಲಿ. ಆನ್‌ಲೈನ್ ವ್ಯಾಪಾರದ ರಟ್ಟಿನ ಪೆಟ್ಟಿಗೆಗಳು ಗುಡ್ಡದಂತೆ ಬಿದ್ದಿರುತ್ತವೆ. ಅದೆಲ್ಲ ನಾರೇ. ಹಳೆಯ ಕಾಗದವನ್ನು ಮತ್ತೆ ಮತ್ತೆ ಕರಗಿಸಿದರೆ ನಾರು ಸವೆದು ಬಲ ಕಳೆದುಕೊಳ್ಳುತ್ತದೆ, ರಟ್ಟು ಮೆದುವಾಗುತ್ತದೆ. ಆ ಕಳೆದ ಬಲವನ್ನು ತುಂಬಿಕೊಡುವುದು ನ್ಯಾನೊಸೆಲ್ಯುಲೋಸಿಗೆ ಬಹಳ ಹೊಂದುವ ಕೆಲಸ. ಹೊಸ ಮರ ಕಡಿಯುವ ಮೊದಲು ನಗರದ ಹಳೆಯ ಪೆಟ್ಟಿಗೆ ಬಳಸಿ ಎನ್ನುವುದು ನಮ್ಮ ಮೊದಲ ಮಾತು.

ಎರಡನೆಯದು ಹಿಪ್ಪುನೇರಳೆ ಕಡ್ಡಿ. ವಿಜಯಪುರದ ಸುತ್ತಮುತ್ತ ರೇಷ್ಮೆ ಮಾಡುವ ಮನೆಗಳಲ್ಲಿ ಹುಳು ಸೊಪ್ಪು ತಿಂದ ಮೇಲೆ ಕಡ್ಡಿ ಒಲೆಗೆ ಹೋಗುತ್ತದೆ, ಇಲ್ಲ ಬದುವಿನಲ್ಲಿ ಬಿದ್ದಿರುತ್ತದೆ. ಹಿಪ್ಪುನೇರಳೆ ತೊಗಟೆಯಿಂದ ನ್ಯಾನೊಸೆಲ್ಯುಲೋಸ್ ತೆಗೆದ ಸಂಶೋಧನೆ 2009ರಲ್ಲೇ ಪ್ರಕಟವಾಗಿದೆ. ಜಪಾನಿನವರು ತಮ್ಮ ಹೆಸರಾಂತ ಕೈಕಾಗದ ಮಾಡುವುದು ಇದೇ ಕುಟುಂಬದ ಗಿಡದ ತೊಗಟೆಯಿಂದ. ಕಾಗದಕ್ಕೆ ನ್ಯಾನೊಸೆಲ್ಯುಲೋಸ್ ಬೇಕಾಗುವುದೇ ನೂರಕ್ಕೆ ಒಂದರಿಂದ ಐದು ಪಾಲು. ಅಷ್ಟು ಸಣ್ಣ ಪಾಲಿಗೂ ಮತ್ತೆ ನೀಲಗಿರಿಯೇ ಬೇಕು ಅನ್ನುವುದು ಸೋಮಾರಿತನ.

ರಾಗಿ ಹುಲ್ಲಿಗೆ ಮಾತ್ರ ಕೈ ಹಾಕಬೇಡಿ. ಅದು ದನದ ಪಾಲು. ಹುಲ್ಲಿನ ಮೆದೆ ಕಂಪನಿಗೆ ಹೋದರೆ ಬೇಸಿಗೆಯಲ್ಲಿ ಡೇರಿಗೆ ಹಾಲು ಎಲ್ಲಿಂದ ಹಾಕುತ್ತೀರಿ? ‘ಕೃಷಿ ತ್ಯಾಜ್ಯ’ ಅನ್ನುವ ಮಾತನ್ನು ಪಟ್ಟಣದವರು ಸಲೀಸಾಗಿ ಬಳಸುತ್ತಾರೆ. ಹುಲ್ಲು ತ್ಯಾಜ್ಯವೋ ಮೇವೋ ಅನ್ನುವುದನ್ನು ಹಸು ಕಟ್ಟಿದವರು ತೀರ್ಮಾನಿಸಬೇಕು.

ಇನ್ನೊಂದು ಎಚ್ಚರ. ತಿರುಳು ಬೇಯಿಸಿದ ಕಪ್ಪು ನೀರನ್ನು ಗಿರಣಿಯೊಳಗೇ ಸುಟ್ಟು ರಾಸಾಯನಿಕ ಹಿಂದಕ್ಕೆ ಪಡೆಯದಿದ್ದರೆ ಅದು ಸೀದಾ ಹಳ್ಳಕ್ಕೆ ಬರುತ್ತದೆ. ಕೈಗಾರಿಕೆಯ ಕೊಳಕು ನೀರು ಕೆರೆಗೆ ಸೇರಿದರೆ ಏನಾಗುತ್ತದೆ ಎಂದು ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ವರ್ಷಗಟ್ಟಲೆ ಹೋರಾಡಿ ಹೇಳಿದ್ದಾರೆ. ಅರ್ಕಾವತಿ ದಂಡೆಯಲ್ಲಿ ರಾಸಾಯನಿಕ ಹಾಕಿ ತಿರುಳು ಬೇಯಿಸುವ ಸಣ್ಣ ಘಟಕಗಳಿಗೆ ನಾವು ಬಾಗಿಲು ತೆರೆಯಬಾರದು. ಪೆಟ್ಟಿಗೆ ಸಂಗ್ರಹ, ಕಡ್ಡಿ ಒಣಗಿಸಿ ತೊಗಟೆ ಬಿಡಿಸುವುದು, ಕಟ್ಟಿ ಕಳಿಸುವುದು, ಇಂಥ ಕೆಲಸ ಇಲ್ಲಿ ನಡೆಯಲಿ. ಬೇಯಿಸುವುದು ಪೂರ್ತಿ ಶುದ್ಧೀಕರಣ ಇರುವ ಗಿರಣಿಯಲ್ಲೇ ಆಗಲಿ.

ಎದುರು ಮಾತಿಗೆ ಉತ್ತರ

‘ನೀಲಗಿರಿ ಬೇಡಿಕೆ ಇಳಿದರೆ ನಮ್ಮ ಮರಕ್ಕೆ ಬೆಲೆ ಯಾರು ಕೊಡುತ್ತಾರೆ’ ಎಂದು ಈಗಾಗಲೇ ಬೆಳೆದಿರುವವರು ಕೇಳುತ್ತಾರೆ. ಕೇಳುವ ಹಕ್ಕು ಅವರಿಗಿದೆ. ನಮ್ಮ ಜಿಲ್ಲೆಯ ಮರ ಬೆಂಗಳೂರಿನ ಕಟ್ಟಡಗಳಿಗೆ ಸೆಂಟ್ರಿಂಗ್ ಕಂಬವಾಗಿಯೂ ಹೋಗುತ್ತದೆ, ಸೌದೆಯಾಗಿಯೂ ಹೋಗುತ್ತದೆ. ಗಿರಣಿ ಒಂದೇ ಗಿರಾಕಿ ಅಲ್ಲ. ನಿಂತಿರುವ ಮರ ಮಾರಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಕಡಿದ ಮೇಲೆ ಬುಡ ಕೀಳುವುದೋ ಬಿಡುವುದೋ ಅನ್ನುವುದು ಪ್ರಶ್ನೆ. 2017ರ ಫೆಬ್ರುವರಿಯಲ್ಲಿ ಸರ್ಕಾರ ನೀಲಗಿರಿ, ಅಕೇಶಿಯಾವನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಳೆಯ ಬುಡಗಳಿಗೆ ಆದೇಶ ಓದಲು ಬರುವುದಿಲ್ಲ, ಅವು ಚಿಗುರುತ್ತಲೇ ಇರುತ್ತವೆ. ಜೆಸಿಬಿ ತರಿಸಿ ಬುಡ ಕೀಳಿಸುವ ಖರ್ಚು ಸಣ್ಣ ರೈತನಿಗೆ ಭಾರ. ಆ ಖರ್ಚು ಕೊಡದೆ ನಿಷೇಧದ ಮಾತಾಡುವುದು ಅರ್ಧ ಕೆಲಸ.

‘ಈಗ ಎಲ್ಲ ಮೊಬೈಲಿನಲ್ಲೇ ಇದೆ, ಕಾಗದವೇ ಯಾಕೆ’ ಎಂದು ಇನ್ನು ಕೆಲವರು ಹೇಳುತ್ತಾರೆ. ಇದನ್ನು ನೀವು ಮೊಬೈಲಿನಲ್ಲೇ ಓದುತ್ತಿದ್ದೀರಿ, ನಿಜ. ಆದರೆ ಆ ಮೊಬೈಲ್ ಮನೆಗೆ ಬಂದದ್ದು ರಟ್ಟಿನ ಪೆಟ್ಟಿಗೆಯಲ್ಲಿ. ಮಗುವಿನ ಪಾಠ, ಪರೀಕ್ಷೆ, ಜಮೀನಿನ ಕ್ರಯಪತ್ರ ಇನ್ನೂ ಕಾಗದದ ಮೇಲಿವೆ. ಕಾಗದ ಬೇಕು. ಅದನ್ನು ಕಡಿಮೆ ನೀರಿನಲ್ಲಿ ಮಾಡಿ ಎಂದು ಕೇಳುವುದು ಕಾಗದಕ್ಕೆ ವಿರೋಧವಲ್ಲ.

‘ಇದೆಲ್ಲ ದೊಡ್ಡ ವಿಜ್ಞಾನ, ಹಳ್ಳಿಯವರಿಗೆ ಯಾಕೆ’ ಅನ್ನುವವರಿಗೆ ಒಂದೇ ಉತ್ತರ. ನೀಲಗಿರಿ ಸಸಿ ಹಂಚಿದಾಗಲೂ ಇದು ದೊಡ್ಡವರ ವಿಜ್ಞಾನ ಎಂದು ನಮ್ಮ ಹಿರಿಯರು ಸುಮ್ಮನಿದ್ದರು. ಅದರ ಬಿಲ್ ನಾವು ಟ್ಯಾಂಕರಿನವರಿಗೆ ಕಟ್ಟುತ್ತಿದ್ದೇವೆ.

ನಾವು ಕೇಳಬೇಕಾದ್ದು

ಒಂದು, ಸರ್ಕಾರ ತಾನು ಕೊಳ್ಳುವ ಕಾಗದದಿಂದ ಶುರು ಮಾಡಲಿ. ಕರ್ನಾಟಕ ಪಠ್ಯಪುಸ್ತಕ ಸಂಘದಿಂದ ಹಿಡಿದು ಗ್ರಾಮ ಪಂಚಾಯಿತಿಯ ತನಕ ಪ್ರತಿ ಟೆಂಡರಿನಲ್ಲೂ ಮೂರು ಸಾಲು ಸೇರಲಿ: ಈ ಕಾಗದದಲ್ಲಿ ಕಲ್ಲುಪುಡಿ ಎಷ್ಟು, ಹಳೆಯ ಕಾಗದದ ನಾರು ಎಷ್ಟು, ಹೊಸ ನಾರು ಯಾವ ಮರದ್ದು, ಯಾವ ಜಿಲ್ಲೆಯದು. ಹಾಲಿನ ಪ್ಯಾಕೆಟ್ಟಿನ ಮೇಲೆ ಕೊಬ್ಬು ಎಷ್ಟು ಎಂದು ಬರೆಯುವ ರಾಜ್ಯಕ್ಕೆ ಇದು ಕಷ್ಟವೇ?

ಎರಡು, 2017ರ ನಿಷೇಧ ಯಾವ ಹೊಸ ತಂತ್ರಜ್ಞಾನದ ನೆಪದಲ್ಲೂ ಸಡಿಲವಾಗಬಾರದು. ಬುಡ ಕಿತ್ತು ರಾಗಿಗೆ, ತೊಗರಿಗೆ, ಹಲಸು, ಹುಣಸೆ, ಹೊಂಗೆಗೆ ಮರಳುವ ರೈತನಿಗೆ ಖರ್ಚು ಕೊಡಬೇಕು.

ಮೂರು, ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹೆಬ್ಬಾಳದ ಜಿಕೆವಿಕೆ ದೂರವಿಲ್ಲ. ಕಾಗದದ್ದೇ ಸಂಶೋಧನೆಗೆ ಕೇಂದ್ರ ಸರ್ಕಾರದ ಸಂಸ್ಥೆ ಸಹಾರನ್‌ಪುರದಲ್ಲಿದೆ. ಮೂವರೂ ಕೂತು ಹಿಪ್ಪುನೇರಳೆ ಕಡ್ಡಿ, ಹಳೆಯ ರಟ್ಟಿನ ಮೇಲೆ ಪ್ರಯೋಗ ಮಾಡಲಿ. ಕಡ್ಡಿಗೆ ಟನ್ನಿಗೆ ಎಷ್ಟು ಸಿಗಬಹುದು, ಸಾಗಣೆ ಕಳೆದು ರೈತನಿಗೆ ಏನು ಮಿಗುತ್ತದೆ ಅನ್ನುವುದನ್ನು ಕನ್ನಡದಲ್ಲಿ ಬರೆದು ಪ್ರತಿ ಪಂಚಾಯಿತಿಗೆ ಕಳಿಸಲಿ. ಗಿಟ್ಟುವುದಿಲ್ಲ ಅಂದರೆ ಗಿಟ್ಟುವುದಿಲ್ಲ ಎಂದೇ ಬರೆಯಲಿ.

ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇನ್ನೂ ಎಷ್ಟು ಎಕರೆ ನೀಲಗಿರಿ ನಿಂತಿದೆ? ಈ ವರ್ಷ ನಮ್ಮ ಪಂಚಾಯಿತಿ ಎಷ್ಟು ಕೆ.ಜಿ. ಕಾಗದ ಕೊಂಡಿತು, ಅದರ ನಾರು ಎಲ್ಲಿಯದು? ಮೊದಲನೆಯದಕ್ಕೆ ಪಹಣಿ ತೆಗೆದು ನೋಡಬೇಕಾಗುತ್ತದೆ. ಎರಡನೆಯದಕ್ಕೆ ಉತ್ತರ ಬರದೇ ಇರಬಹುದು. ಬರದಿದ್ದರೆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಒಂದು ಫೋಟೊ ತೆಗೆದು ನಮಗೆ ಕಳಿಸಿ. ನಾಲ್ಕು ತಾಲ್ಲೂಕಿನ ಪ್ರಶ್ನೆಗಳನ್ನೂ ಒಟ್ಟು ಮಾಡಿ ಜಿಲ್ಲಾಧಿಕಾರಿಗಳ ಮುಂದಿಡುವ ಕೆಲಸ ನಮ್ಮದು.